ಇನ್ನೊಮ್ಮೆ ಹೇಳ್ತೇನಿ

ಮುಚ್ಚಿದ ಕೋಣೆಯಲ್ಲಿ ಮೊಮ್ಮಗಳು ಮೊಬೈಲ್ ಹಿಡಿದು ಪಿಸುಪಿಸು ಮಾತಾಡುತ್ತಿದ್ದರೆ ಯಾವ ಅಜ್ಜಿಗೆ ತುತ್ತು ಗಂಟಲಲ್ಲಿ ಇಳಿದೀತು? ಧಾರವಾಡದ ಸುಲಭಾಬಾಯಿಗಂತೂ ಒಂದು ವಾರದಿಂದ ಇಳಿದಿರಲಿಲ್ಲ. ಒಂಬತ್ತನೆಯ ತರಗತಿಯ ಸುರಭಿ ಶಾಲೆಯಿಂದ ಬಂದವಳೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ಮಾತು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅದೇ ಮಾತು.

“ಯಾರ ಜೋಡಿ ಮಾತಾಡ್ತಿ?”

“ಯಾರ ಜೋಡಿನೂ ಇಲ್ಲ ಅಜ್ಜಿ.”

ಇದೂ ಒಂದು ಉತ್ತರವೇ? ಮಗ ಕೇದಾರನಿಗೆ ಹೇಳಿದರೆ ಅವನು ಉರಿಯುವ ಬೆಂಕಿಗೆ ತುಪ್ಪ ಸುರಿದ. “ಪೇಪರಿನ್ಯಾಗ ದಿನಾ ಬರ್ತದ ಅವ್ವಾ. ಗುರುತಿಲ್ಲದವರು ಹುಡುಗ್ಯಾರನ್ನ ಮಾತಿನ್ಯಾಗ ಮರುಳು ಮಾಡ್ತಾರ. ಸ್ವಲ್ಪ ಕಣ್ಣಿಡು.” ಹೀಗೆ ಹೇಳಿ ಅವನು ಆಫೀಸಿಗೆ ಹೋದ. ಕಣ್ಣಿಡುವ ಕೆಲಸ ಅಜ್ಜಿಯ ಪಾಲಿಗೆ ಬಂತು.

ಆ ಗುರುವಾರ ಸಂಜೆ ಸುರಭಿ ಬಚ್ಚಲಿಗೆ ಹೋದಾಗ ಸುಲಭಾಬಾಯಿ ಮೊಬೈಲ್ ಎತ್ತಿಕೊಂಡರು. ಯಾವ ಗುರುತಿಲ್ಲದವರೂ ಅದರಲ್ಲಿ ಇರಲಿಲ್ಲ. ಇದ್ದದ್ದು ಸುರಭಿಯ ದನಿಯೇ, ಸಾಲು ಸಾಲಾಗಿ. ಮೊದಲನೆಯದನ್ನು ಒತ್ತಿದರು. “ಧ್ವನಿ... ಧ್ವನಿ ಅಂದರೆ ಕಂಪ... ಕಂಪ...” ಅಷ್ಟಕ್ಕೇ ನಿಂತುಹೋಯಿತು.

ಅಬ್ಬಾ ಎಂದುಕೊಂಡ ಎದೆಯೊಳಗೆ ಮರುಗಳಿಗೆಯೇ ಇನ್ನೊಂದು ಭಯ ಹೊಕ್ಕಿತು. ಸುಲಭಾಬಾಯಿ ಸಂಗೀತ ಕಲಿಸುವವರು. ಅವರ ಗುರುಗಳ ಮನೆಯಲ್ಲಿ ಒಂದು ಕಟ್ಟಪ್ಪಣೆ ಇತ್ತು: ಹಸಿ ದನಿ ಹೊಸ್ತಿಲು ದಾಟಬಾರದು. ಹೊಸಬರು ಅಭ್ಯಾಸ ಮಾಡುವಾಗ ಬೀದಿಯ ಕಿಟಕಿ ಕೂಡ ಮುಚ್ಚುತ್ತಿದ್ದರು. ಈ ಹುಡುಗಿಯೋ ಜೂನ್ ತಿಂಗಳಲ್ಲಿ ಪಾಠ ಓದುವಾಗ ತೊದಲಿ, ಇಡೀ ತರಗತಿ ನಕ್ಕು, ಅಂದಿನಿಂದ ಶಾಲೆಯಲ್ಲಿ ಬಾಯಿಯನ್ನೇ ತೆರೆದಿರಲಿಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಿದ್ದಳಷ್ಟೆ. ಈಗ ಈ ತೊದಲು ಯಾರದಾದರೂ ಕೈಗೆ ಸಿಕ್ಕರೆ? ಉಳಿದವುಗಳನ್ನು ಕೇಳುವ ಗೋಜಿಗೂ ಹೋಗದೆ ಅಜ್ಜಿ ಎಲ್ಲವನ್ನೂ ಅಳಿಸಿದರು. ಅರ್ಧ ಕೆಲಸ ಮಾಡುವವರಲ್ಲ ಅವರು, ಅಳಿಸಿದ್ದು ಹೋಗಿ ಕೂಡುವ ಬುಟ್ಟಿಯನ್ನೂ ಖಾಲಿ ಮಾಡಿದರು.

ಸುರಭಿ ಬಂದು ಮೊಬೈಲ್ ನೋಡಿದಳು. ಮುಖ ಬಿಳಿಚಿಕೊಂಡಿತು.

“ಎಲ್ಲಿ ಅಜ್ಜಿ ಅವು?”

“ಅಳಿಸೀನಿ. ನಿನ್ನ ಮರ್ಯಾದಿ ಉಳಿಸೀನಿ ಅಂತ ತಿಳಕೊ.”

“ನಾಳೆ ವಿಜ್ಞಾನದ ಕ್ಲಾಸಿನ್ಯಾಗ ಹಚ್ಚಿ ಕೇಳಸೂದಿತ್ತು. ನನಗ ಎದ್ದು ನಿಂತು ಮಾತಾಡಲಿಕ್ಕೆ ಆಗೂದಿಲ್ಲ ಅಂತ ಕರುಣಾ ಟೀಚರಽ ಹೀಂಗ ಮಾಡಂದಿದ್ರು. ಚಲೋ ಬಂದದ್ದು ಅದೊಂದಽ ಇತ್ತು, ಇನ್ನೂ ಅವರಿಗೆ ಕಳಿಸಿರಲಿಲ್ಲ.” ಅವಳು ಅಳಲಿಲ್ಲ. “ನಾ ಇನ್ನ ಸಾಲಿಗೆ ಹೋಗೂದಿಲ್ಲ ಅಜ್ಜಿ.”

ಗೋಡೆಗೆ ಮುಖ ಮಾಡಿ ಮಲಗಿದಳು. ಕರೆದರೆ ಓ ಅನ್ನಲಿಲ್ಲ. ಅತ್ತಿದ್ದರೆ ಸುಲಭಾಬಾಯಿ ಸಮಾಧಾನ ಮಾಡಬಹುದಿತ್ತು. ಚಪ್ಪಲಿ ಮೆಟ್ಟಿ, ಆಟೋ ಹಿಡಿದು ಸೀದಾ ಕೆಲಗೇರಿಗೆ, ಕರುಣಾ ಟೀಚರ ಮನೆಗೆ ಹೋದರು. ಹೋದದ್ದು ಜಗಳಕ್ಕೇ.

“ಹುಡುಗಿ ಕೈಯಾಗ ಮೊಬೈಲ್ ಕೊಟ್ಟು ಇದೆಂಥಾ ವಿದ್ಯಾ ಕಲಸಾಕತ್ತೀರಿ? ನೀವು ಹಚ್ಚಿದ ಆಸೆಗೆ, ನಾ ಅವನ್ನೆಲ್ಲಾ ಅಳಿಸಿದ್ದಕ್ಕ ಆಕಿ ಸಾಲಿಽ ಬಿಡ್ತೇನಿ ಅನ್ನಲಿಕ್ಕತ್ಯಾಳ.”

“ಬರ್ರಿ ಬಾಯಾರ, ಮೊದಲ ಕುಂದರ್ರಿ,” ಎಂದು ಕರುಣಾ ನೀರು ಕೊಟ್ಟಳು. “ಆಕಿ ಕಳಿಸಿದ್ದು ನನ್ನ ಹತ್ರ ಎರಡು ಅದಾವು. ಕೇಳ್ರಿ.”

ಮೊದಲನೆಯದು ಅದೇ ತೊದಲು. ಎರಡನೆಯದು ಮೂರು ದಿನ ಆಮೇಲಿನದು. ಸುಲಭಾಬಾಯಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೇಳಿದರು. ಮೊದಲು ನುಂಗಿದ್ದ ‘ಕಂಪನ’ ಈಗ ಪೂರ್ತಿಯಾಗಿ ಬರುತ್ತಿತ್ತು. ಉದ್ದ ವಾಕ್ಯದ ಮುಂಚೆ ಹುಡುಗಿ ಉಸಿರು ತೆಗೆದುಕೊಳ್ಳುತ್ತಿದ್ದಳು.

“ಉಸಿರು ಎಲ್ಲಿ ತಗೋಬೇಕು ಅಂತ ಯಾರು ಕಲಿಸಿದ್ರು?”

“ಯಾರೂ ಇಲ್ರಿ. ತನ್ನ ದನಿ ತಾನಽ ಕೇಳಿ ತಿದ್ದಿಕೊಂಡಾಳ. ಕ್ಲಾಸಿನ್ಯಾಗ ತಪ್ಪಿದ್ರ ಹುಡುಗರು ನಗತಾರ, ಮೊಬೈಲ್ ನಗೂದಿಲ್ಲ. ನಿಮ್ಮ ಗುರುಗಳು ಕಿಟಕಿ ಮುಚ್ಚಿ ರಿಯಾಜ್ ಮಾಡಸ್ತಿದ್ರು ಅಂತ ನೀವಽ ಒಮ್ಮೆ ಹೇಳಿದ್ರಲ್ರಿ, ಇದೂ ಅದಽ ಐತಿ.”

ಅಜ್ಜಿಯ ಸಿಟ್ಟು ಅರ್ಧ ಇಳಿಯಿತು. ಆದರೂ ಭಯ ಹೋಗಲಿಲ್ಲ. “ಬಾಗಿಲು ಹಾಕ್ಕೊಂಡು ಮಾಡ್ತಾಳ, ಹತ್ತು ಮಂದಿ ಮೊಬೈಲಿಗೆ ಹರದಾಡಿದ್ರ?”

“ಅದಕ್ಕಽ ಕಟ್ಟುನಿಟ್ಟು ಮಾಡೀನ್ರಿ. ಯಾವ ಗ್ರೂಪಿಗೂ ಹಾಕೂಹಂಗಿಲ್ಲ. ಮುಖ ಬ್ಯಾಡ, ದನಿ ಅಷ್ಟ ಸಾಕು. ನನಗೊಬ್ಬಾಕಿಗೆ ಕಳಸಬೇಕು. ಕೆಲಸ ಮುಗಿದ ಕೂಡಲೇ ಮೊಬೈಲ್ ದೊಡ್ಡವರ ಕೈಗೆ. ಬಾಗಿಲು ತಗದಽ ಮಾಡು ಅಂದಿದ್ದೆ. ನೀವು ಕೇಳಿ ನಕ್ಕೀರಿ ಅಂತ ಹಾಕ್ಕೊಂಡಿರಬೇಕು.”

ಈ ಮಾತು ಸುಲಭಾಬಾಯಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. “ನಾಳೆ ಇದನ್ನಽ ಹಚ್ಚಬಹುದಲ್ಲ?” ಎಂದು ಕೇಳಿದರು.

“ಆಕಿ ಒಪ್ಪಿದ್ರ. ಆಕಿನ್ನ ಕೇಳದ ಅಳಿಸೂದೂ ತಪ್ಪು, ಕೇಳದ ಹಚ್ಚೂದೂ ತಪ್ಪು.”

ಮನೆಗೆ ಬಂದರೆ ಸುರಭಿಯದು ಅದೇ ಗೋಡೆಗೆ ಅದೇ ಮುಖ. ತಪ್ಪಾಯ್ತು ಎಂದರು. ಅವಳು ಅಲುಗಾಡಲಿಲ್ಲ. ಟೀಚರ ಹತ್ತಿರ ಇದ್ದದ್ದನ್ನೇ ಹಚ್ಚೋಣ ಎಂದರು. “ಅದರಾಗ ತಪ್ಪದಾವ,” ಎಂದು ಗೋಡೆಗೇ ಹೇಳಿದಳು.

ಸುಲಭಾಬಾಯಿ ಮಂಚದ ಪಕ್ಕ ನೆಲದ ಮೇಲೆ ಕುಳಿತರು. ತಮ್ಮ ದನಿಯನ್ನು ಯಂತ್ರದೊಳಗೆ ಹಾಕಲು ಜನ್ಮದಲ್ಲಿ ಒಪ್ಪದವರು ಇವತ್ತು ತಾವಾಗಿಯೇ ಮೊಬೈಲಿನ ಕೆಂಪು ಗುಂಡಿ ಒತ್ತಿ ಒಂದು ಆಲಾಪ ಹಾಡಿದರು. ಹಾಡಿದ್ದನ್ನು ಹಚ್ಚಿ ಕೇಳಿದರು. ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿತು.

“ಮ್ಯಾಲಿನ ಸಾ ಇಳದದ,” ಎಂದರು ಸಣ್ಣ ದನಿಯಲ್ಲಿ.

ಗೋಡೆಯ ಕಡೆಯಿಂದ ಮಾತು ಬಂತು. “ಅದು ಇಳೀತದಂತ ನನಗ ಮೊದಲಽ ಗೊತ್ತಿತ್ತು ಅಜ್ಜಿ. ಹೇಳಲಿಕ್ಕೆ ಧೈರ್ಯ ಇರಲಿಲ್ಲ.”

ಊರಿಗೆಲ್ಲ ಸ್ವರ ತಿದ್ದುವ ಅಜ್ಜಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಹಂಗಾರ ಇನ್ನೊಮ್ಮೆ ಹಾಡ್ತೇನಿ, ಕೇಳು.” ಹಾಡಿದರು. ಈ ಸಲ ಸಾ ನೆಟ್ಟಗೆ ನಿಂತಿತು. ಮೊಬೈಲನ್ನು ಮೊಮ್ಮಗಳ ಕೈಗಿಟ್ಟರು. “ನನ್ನದಾತು. ಈಗ ನಿನ್ನ ಪಾಳಿ.”

ಸುರಭಿ ಗೋಡೆಯಿಂದ ಈ ಕಡೆ ಹೊರಳಿದಳು. ಎದ್ದು ಕುಳಿತಳು. ಬಾಗಿಲು ತೆರೆದೇ ಇತ್ತು. ತೊದಲಿದಳು, ಅಳಿಸಿದಳು, ಮತ್ತೆ ಹೇಳಿದಳು. ಆಫೀಸಿನಿಂದ ಬಂದ ಕೇದಾರ ಏನೋ ಕೇಳಹೊರಟಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಅಲ್ಲೇ ನಿಲ್ಲಿಸಿದರು. ಊಟದ ಹೊತ್ತಿಗೆ ಹೊಸದು ಸಿದ್ಧವಾಯಿತು, ಟೀಚರಿಗೂ ಹೋಯಿತು.

ಮರುದಿನ ಸುಲಭಾಬಾಯಿಗೆ ಪಾಠ ಹೇಳಲು ಮನಸ್ಸು ನಿಲ್ಲಲಿಲ್ಲ. ಮತ್ತೆ ನಕ್ಕರೆ? ಹುಡುಗಿ ಮತ್ತೆ ಗೋಡೆಗೆ ಮುಖ ಮಾಡಿದರೆ? ಮಧ್ಯಾಹ್ನ ಕರುಣಾ ಫೋನ್ ಮಾಡಿದಳು. “ಸುರಭಿನ್ನ ಕೇಳಽ ಕಳಸಾಕತ್ತೇನ್ರಿ.” ಹಿಂದೆಯೇ ಒಂದು ರೆಕಾರ್ಡಿಂಗ್ ಬಂತು.

ಸುರಭಿಯ ಪಾಠ ಮುಗಿದ ಮೇಲಿನ ಗದ್ದಲ. ಒಬ್ಬ ಹುಡುಗನ ಪ್ರಶ್ನೆ: “ತಂಬೂರಿ ತಂತಿ ಬಿಗಿ ಮಾಡಿದ್ರ ಸ್ವರ ಯಾಕ ಏರ್ತೈತಿ?” ಇದಕ್ಕೆ ಉತ್ತರ ಮೊಬೈಲಿನೊಳಗೆ ಇರಲಿಲ್ಲ. ಅವಳೇ ಎದ್ದು ನಿಂತು ಹೇಳಬೇಕಿತ್ತು.

“ಬಿಗಿ ಆದ್ರ... ಕಂಪ... ಕಂಪ...”

ಯಾರೋ ಕಿಸಕ್ಕೆಂದರು. ಸುಲಭಾಬಾಯಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಒಂದು ಉಸಿರಿನ ಸದ್ದು. ಆಮೇಲೆ ಸುರಭಿಯ ದನಿ, ಗಟ್ಟಿಯಾಗಿ: “ಇರ್ರಿ, ಇನ್ನೊಮ್ಮೆ ಹೇಳ್ತೇನಿ. ತಂತಿ ಬಿಗಿ ಆದ್ರ ಕಂಪನ ಲಗೂ ಲಗೂ ಆಗ್ತದ. ಅದಕ್ಕ ಸ್ವರ ಏರ್ತದ.”

ಸುಲಭಾಬಾಯಿ ಅದನ್ನು ಅಳಿಸಲಿಲ್ಲ.

ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ತರಗತಿಯಲ್ಲಿ ಬಾಯಿ ತೆರೆಯದ ಒಂದು ಮಗು ಇದ್ದೀತು. ಇವತ್ತು ಸಂಜೆ ಅದನ್ನು ಹತ್ತಿರ ಕೂರಿಸಿಕೊಳ್ಳಿ. ಕಲಿತದ್ದನ್ನು ಎರಡು ನಿಮಿಷ ಮೊಬೈಲಿನಲ್ಲಿ ಹೇಳಲಿ, ತನ್ನ ದನಿ ತಾನೇ ಕೇಳಲಿ, ತಿದ್ದಿಕೊಳ್ಳಲಿ. ಬಾಗಿಲು ತೆರೆದಿರಲಿ. ಅದು ಒಪ್ಪದೆ ಯಾರಿಗೂ ಕಳಿಸಬೇಡಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ದೊಡ್ಡವರ ಮಾತಿಗೆ ಅದು ನಿಜ. ಕಲಿಯುವ ಮಗುವಿಗೆ ಮಾತ್ರ ಆ ಗಾದೆ ಹೇಳಬೇಡಿ. ತಪ್ಪಿದರೆ ನಗದೆ, “ಇನ್ನೊಮ್ಮೆ ಹೇಳು” ಅನ್ನಿ.