ಸೀಟಿಯೊಳಗಿನ ಕಾಳು

ಮಂಜು ಇನ್ನೂ ಬಿಟ್ಟಿಲ್ಲ, ಆರಕ್ಕೆ ಎದ್ದಾಗ ಬೀದಿಯೇ ಇರಲಿಲ್ಲ, ಈಗ ಒಂಬತ್ತೂವರೆಗೆ ಎದುರಿನ ಔಷಧಿ ಅಂಗಡಿಯ ಬೋರ್ಡಷ್ಟೇ ಕಾಣುತ್ತಿದೆ, ಕರಗುತ್ತದೆ, ಗದರಿಸಿದರೆ ಬೇಗ ಕರಗುತ್ತದೆಯೇ — ಸಭಾಂಗಣದ ಮೆಟ್ಟಿಲು ಹತ್ತುವಾಗ ಚೀಲದೊಳಗಿನ ಸೀಟಿಯಲ್ಲಿ ಆ ಕಾಳು ಗಿಲಕ್ಕೆಂದಿತು, ಮೆಟ್ಟಿಲಿಗೊಂದು ಗಿಲಕ್, ಒಂಬತ್ತು ವರ್ಷದಿಂದ ಕೋಟಿನ ಜೇಬಲ್ಲಿ, ಮೇಜಿನ ಡ್ರಾಯರಲ್ಲಿ, ಎಲ್ಲಿಟ್ಟರೂ ಗಿಲಕ್. ತಲೆಗೆ ಪೆಟ್ಟಾದವರನ್ನು ನೋಡುವ ವೈದ್ಯರ ಸಂಘಕ್ಕೆ ಎರಡು ವರ್ಷ ಅವಳೇ ಅಧ್ಯಕ್ಷೆ, ಇವತ್ತು ಕೊನೆಯ ದಿನ, ಮಧ್ಯಾಹ್ನಕ್ಕೆ ಕುರ್ಚಿ ಬೇರೆಯವರದು, ಅಷ್ಟರೊಳಗೆ ಆ ನಿಯಮ ಒಪ್ಪಿಗೆಯಾಗಬೇಕು — ನಿದ್ದೆಯ ಔಷಧಿ ರೋಗಿಯ ಮೈಯಿಂದ ಪೂರ್ತಿ ಇಳಿಯುವ ತನಕ, ಇವರಿನ್ನು ಏಳುವುದಿಲ್ಲ ಎಂದು ಯಾವ ವೈದ್ಯರೂ ಮನೆಯವರಿಗೆ ಹೇಳಕೂಡದು. ಹೋದ ವರ್ಷ ಏಳು ಮತದ ಅಂತರದಲ್ಲಿ ಬಿದ್ದುಹೋಗಿತ್ತು, ನಾವೇನು ನಿನ್ನೆ ಹುಟ್ಟಿದವರಾ ಮೇಡಂ ಅಂದಿದ್ದರು ಮುಂದಿನ ಸಾಲಿನ ಹಿರಿಯರು, ಅದೇ ಕುರ್ಚಿ, ಇವತ್ತೂ ಕೈ ಕಟ್ಟಿ ಕೂತಿದ್ದಾರೆ. ಸಂಘದ ವಾರ್ಷಿಕ ಸಭೆ ಶುರುವಾಗುವುದೇ ಒಂದು ತಪ್ಪಿನಿಂದ, ಮೊದಲ ತಪ್ಪು ಅಧ್ಯಕ್ಷರದು, ತಮ್ಮ ಕೈಯಿಂದಾದದ್ದನ್ನು ಎದ್ದು ನಿಂತು ಹೇಳಬೇಕು, ಕಳೆದುಹೋದ ಫೈಲು, ತಿರುಗುಮುರುಗಾದ ಎಕ್ಸ್‌ರೇ, ಹೀಗೆ ಏನೋ ಹೇಳಿ ನಗಿಸಿ ಪಾರಾಗುವುದು ವಾಡಿಕೆ, ಹೋದ ವರ್ಷ ಅವಳೂ ಹಾಗೇ ಪಾರಾದವಳು. ಮೈಕು ಸರಿಮಾಡುತ್ತ ಕಾರ್ಯದರ್ಶಿ, ಚಿಕ್ಕದೊಂದು ಹೇಳಿ ಮುಗಿಸಿಬಿಡಿ ಮೇಡಂ, ಕಾಫಿ ಆರಿಹೋಗುತ್ತೆ ಅಂದ. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ನಿಯಮ ಹೋಗುತ್ತದೆ, ದೇವರೇ — ಕೊನೆಯ ಸಾಲಲ್ಲಿ ಅವರಿಬ್ಬರೂ, ಹೌದು, ತಾನು ಕಾಗದ ಬರೆದು ಕರೆದದ್ದಕ್ಕೆ ಬಂದಿದ್ದಾರೆ, ಡ್ರಿಲ್ ಮೇಷ್ಟ್ರು ಮತ್ತು ಅವರ ಹೆಂಡತಿ.

ಒಂಬತ್ತು ವರ್ಷದ ಹಿಂದೆ, ಮೇಷ್ಟ್ರು ಬೈಕಿನಿಂದ ಬಿದ್ದು ನಾಲ್ಕನೆಯ ದಿನ, ಗಿಂಡಿದರೂ ಮಿಸುಕಾಟವಿಲ್ಲ, ಹೆಂಡತಿ ಅವರ ಕಿವಿಯ ಹತ್ತಿರ ಬಗ್ಗಿ ಅವರದೇ ಸೀಟಿ ಊದಿಬಿಟ್ಟರು, ಐಸಿಯುಗೆ ಐಸಿಯುವೇ ಬೆಚ್ಚಿಬಿತ್ತು, ಅವಳು ಹೋಗಿ ಕಿತ್ತುಕೊಂಡಳು, ಸುಮ್ನೆ ಯಾಕಮ್ಮಾ ಊದ್ತೀರಿ, ಅವರಿಗೆ ಕೇಳಿಸೋದಿಲ್ಲ, ಇನ್ಮೇಲೂ ಕೇಳಿಸೋದಿಲ್ಲ. ಆಕೆ ಅಳಲಿಲ್ಲ. ನೀವೇ ಇಟ್ಕೊಂಡಿರಿ ಡಾಕ್ಟ್ರೇ, ಅವರೇ ಬಂದು ಇಸ್ಕೋತಾರೆ. ಮೇಷ್ಟ್ರ ಕಿಡ್ನಿ ಸೋತಿತ್ತು, ಅದಕ್ಕೇ ನಿದ್ದೆಯ ಔಷಧಿ ಮೈಯಿಂದ ಇಳಿದಿರಲಿಲ್ಲ, ಹಾಳೆಯಲ್ಲಿ ಬರೆದೇ ಇತ್ತು, ಓದಿದ್ದಳು, ಓದಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ — ಮರುದಿನವೇ ಬೇರೆ ಆಸ್ಪತ್ರೆಗೆ ಕರೆದೊಯ್ದರು, ಹದಿನೈದು ದಿನಕ್ಕೆ ಕಣ್ಣು ಬಿಟ್ಟರಂತೆ, ಕೇಳಿ ಖುಷಿಪಟ್ಟಳು, ಸೀಟಿ ಕೊಡಲು ಮಾತ್ರ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗುವುದು. ಇಷ್ಟೂ ಮೈಕಿನಲ್ಲಿ ಹೇಳುತ್ತಿದ್ದೇನೆಂಬುದು ಅವಳಿಗೆ ಗೊತ್ತಾದದ್ದು ಸಭಾಂಗಣದಲ್ಲಿ ಕೆಮ್ಮು ಕೂಡ ನಿಂತಮೇಲೆ. ಆಮೇಲೆ ನಿಯಮ, ಆಮೇಲೆ ಕೈಗಳು, ಹಿರಿಯರು ಕಟ್ಟಿದ್ದ ಕೈ ಬಿಚ್ಚಿ ಎಲ್ಲರಿಗಿಂತ ಮೊದಲು ಎತ್ತಿದರು, ನನ್ನದೂ ಇಂಥದೊಂದು ತಪ್ಪಿದೆ, ಬರುವ ವರ್ಷ ಹೇಳ್ತೀನಿ ಅಂದರು, ಒಪ್ಪಿಗೆಯಾಯಿತು, ಕಾರ್ಯದರ್ಶಿ ಎರಡು ಸಲ ಎಣಿಸಿದ, ಹೆಗಲ ಮೇಲಿನದೇನೋ ಇಳಿಯಿತು, ಎಷ್ಟು ದಿನವಾಗಿತ್ತು ಹೊಟ್ಟೆತುಂಬ ಉಸಿರೆಳೆದು, ಕಿಟಕಿಯಾಚೆ ಬೀದಿಗೆ ಬೀದಿಯೇ ಕಾಣುತ್ತಿದೆ, ಸೈಕಲ್ಲು, ಮರ — ಎಡಗಾಲನ್ನು ತುಸು ಎಳೆಯುತ್ತ ಮೇಷ್ಟ್ರು ಬರುತ್ತಿದ್ದಾರೆ, ಹಿಂದೆ ಹೆಂಡತಿ.

ಏನ್ ಡಾಕ್ಟ್ರಮ್ಮ, ಹುಡುಗರ ಕೈಯಿಂದ ಸೀಟಿ ಕಿತ್ಕೊಳ್ಳೋದು ನಮ್ಮ ಕೆಲಸ ಅಲ್ವಾ, ನೀವ್ಯಾವಾಗ ಶುರು ಮಾಡಿದ್ರಿ, ಅಂದರು ಮೇಷ್ಟ್ರು, ಮಾತು ತುಸು ತೊದಲು, ಕಣ್ಣು ಮಾತ್ರ ನಗುತ್ತಿತ್ತು. ನಾನು ಹೇಳಿರಲಿಲ್ವಾ, ಅಂದರು ಹೆಂಡತಿ, ಅಷ್ಟೇ. ಅವಳು ಚೀಲದೊಳಗೆ ಕೈ ಹಾಕಿದಳು, ತುದಿಯಲ್ಲಿ ಹಲ್ಲಿನ ಗುರುತಿರುವ ಆ ಉಕ್ಕಿನ ಸೀಟಿ, ಮೇಷ್ಟ್ರ ಅಂಗೈಯಲ್ಲಿಟ್ಟಳು, ಅವರು ಊದಲಿಲ್ಲ, ಬೆರಳು ಮಡಚಿದರು — ಒಳಗೆ ಕಾಳು ಒಮ್ಮೆ ಉರುಳಿತು, ಗಿಲಕ್, ನಿಂತಿತು.