ಕೈಯಾರೆ ಕೊಟ್ಟ ತಾಯಿ

ಅಮೆರಿಕದ ಕ್ಯಾರಿ ಎಂಬ ಊರಿನ ಕನ್ನಡ ಸಂಘದಲ್ಲಿ ನಾಟಕ ಆಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದ ಹಾಗೆ. ಪ್ರತಿ ಮನೆಯ ಮಗುವಿಗೂ ಪಾರ್ಟು ಬೇಕು, ಪಾರ್ಟಿನಲ್ಲಿ ಮಾತೂ ಬೇಕು. ಅಂಥದ್ದರಲ್ಲಿ ಈ ಸಲದ ರಾಜ್ಯೋತ್ಸವಕ್ಕೆ ನೀರಜಾ ಎತ್ತಿಕೊಂಡದ್ದು, ಈ ನೆಲದ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರ ಕಿತ್ತುಕೊಂಡು ಬೋರ್ಡಿಂಗ್ ಶಾಲೆಗೆ ಒಯ್ದ ಕತೆ.

ಅದು ಅವಳ ಆಫೀಸಿನ ಡೆಲ್ಲಾಳ ಅಜ್ಜಿಯ ಕತೆ. ಚೆರೋಕೀ ಜನಾಂಗದ ಡೆಲ್ಲಾ ಅದನ್ನು ಸುಮ್ಮನೆ ಕೊಟ್ಟಿರಲಿಲ್ಲ. ಅಜ್ಜಿಯ ತಾಯಿ ಮಗಳನ್ನು ಕೊಡಲಿಲ್ಲ, ಅವರು ಕಿತ್ತುಕೊಂಡರು, ಅದೊಂದನ್ನು ಬದಲಾಯಿಸಬೇಡ ಎಂದಿದ್ದಳು. ನೀರಜಾ ಮಾತು ಕೊಟ್ಟಿದ್ದಳು. ತಾಯಿಯ ಪಾತ್ರ ಅವಳ ಜೀವದ ಗೆಳತಿ ಹರಿಣಿಯದು. ಕೊಟ್ಟ ಮಾತು ಅವಳಿಗೂ ಗೊತ್ತಿತ್ತು. ಹಬ್ಬದ ದಿನ ಅಳು ಬೇಡ ಎಂದು ಸಂಘದ ಅಧ್ಯಕ್ಷ ದತ್ತಾತ್ರೇಯ ಗೊಣಗಿದಾಗ ಜಗಳಕ್ಕೆ ನಿಂತವಳೂ ಅವಳೇ.

ಆ ದಿನ ನೀರಜಾ ಮುಂದಿನ ಸಾಲಿನಲ್ಲಿ ಡೆಲ್ಲಾಳ ಪಕ್ಕ ಕೂತಳು. ವೇದಿಕೆಗೆ ಅಧಿಕಾರಿ ಬಂದ. ತಾಯಿ ಮಗಳನ್ನು ಅವಚಿಕೊಂಡು ಕಿರುಚಬೇಕಿತ್ತು. ಹರಿಣಿ ಕಿರುಚಲಿಲ್ಲ. ಪರೀಕ್ಷೆಗೆ ಹೊರಟ ಮಕ್ಕಳಿಗೆ ನಮ್ಮ ತಾಯಂದಿರು ಮಾಡುವ ಹಾಗೆ ಹಣೆಗೆ ಕುಂಕುಮವಿಟ್ಟು, ಬಾಯಿಗೆ ಮೊಸರು ಸಕ್ಕರೆ ಹಾಕಿದಳು.

"ಚೆನ್ನಾಗಿ ಓದ್ಕೊಂಡು ಬಾ ಕಂದ" ಎಂದು ಪುಟ್ಟ ಕೈಯನ್ನು ಅಧಿಕಾರಿಯ ಕೈಯಲ್ಲಿಟ್ಟಳು.

ಆಮೇಲೆ ಮಕ್ಕಳೆಲ್ಲ ಯೂನಿಫಾರ್ಮಿನಲ್ಲಿ ಬಂದು ನಾಟಕದಲ್ಲೇ ಇಲ್ಲದ ಇಂಗ್ಲಿಷ್ ಪದ್ಯ ಒಪ್ಪಿಸಿದರು. ಅಪ್ಪ ಅಮ್ಮಂದಿರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡಿದ್ದೇ ಮಾಡಿದ್ದು. ಒಂದು ಮಗುವೂ ತಡವರಿಸಲಿಲ್ಲ. ಅಂದರೆ ಎಷ್ಟೋ ದಿನದಿಂದ ಬೇರೆಲ್ಲೋ ರಿಹರ್ಸಲ್ ನಡೆದಿತ್ತು, ನೀರಜಾ ಒಬ್ಬಳಿಗೇ ಗೊತ್ತಿರಲಿಲ್ಲ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ.

ಪರದೆ ಬಿದ್ದ ಮೇಲೆ ಹರಿಣಿ ಇಳಿದು ಬಂದು ಅವಳನ್ನು ಪಕ್ಕಕ್ಕೆ ಕರೆದಳು. "ಬೇಜಾರ್ ಮಾಡ್ಕೋಬೇಡ ಕಣೇ. ನನ್ ಮಗಳಿಗೆ ಒಂದು ಡೈಲಾಗೂ ಇರ್ಲಿಲ್ಲ. ಅಳು ತೆಗೆದ್ರೆ ಪೊಯೆಮ್ ಆಡ್ ಮಾಡ್ತೀನಿ ಅಂತ ದತ್ತಾತ್ರೇಯ ಅಂಕಲ್ ಅಂದ್ರು, ಒಪ್ಕೊಂಡ್ಬಿಟ್ಟೆ. ಹೇಗಿದ್ರೂ ಡೆಲ್ಲಾಗೆ ಕನ್ನಡ ಬರಲ್ವಲ್ಲ."

ನೀರಜಾ ತನ್ನ ಕುರ್ಚಿಗೆ ಮರಳಿದಳು. ತಾಯಿ ಏನೆಂದಳು ಎಂದು ಡೆಲ್ಲಾ ಕೇಳಿದಳು. ಸುಳ್ಳು ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಡೆಲ್ಲಾ ಮೆಲ್ಲಗೆ ಕೋಟು ತೊಟ್ಟುಕೊಂಡಳು.

"ಶಾಲೆಯಲ್ಲಿ ಅಜ್ಜಿಗೂ ಹೀಗೇ ಹೇಳಿದ್ದರು, ನಿನ್ನಮ್ಮ ಕೈಯಾರೆ ಕೊಟ್ಟಳು ಅಂತ. ಆಗ ಅವಳು ತೀರಾ ಚಿಕ್ಕವಳು, ನಿಜ ನಮಗೆ ತಿಳಿದದ್ದೇ ಅವಳು ಹೋದ ಮೇಲೆ. ಸಾಯುವವರೆಗೂ ಅಜ್ಜಿ ಆ ಸುಳ್ಳನ್ನೇ ನಂಬಿದ್ದಳು."

ಡೆಲ್ಲಾ ಬಾಗಿಲು ದಾಟುವವರೆಗೂ ನೀರಜಾ ಏಳಲಿಲ್ಲ. ಯಾವ ಮುಖ ಹೊತ್ತು ಹಿಂದೆ ಹೋಗುವುದು?