ಆಲ್ವಿನ್ ಬ್ರೆಶ್ಕೆಗೆ ಎಡೆ

ಉಮಾಶಂಕರ್ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಆಲ್ವಿನ್ ಬ್ರೆಶ್ಕೆಯ ಹಣೆಗೆ ಕುಂಕುಮ ಬಿದ್ದಾಗಿತ್ತು.

ಅವನ ಚೀಲದಲ್ಲಿದ್ದ ಫೋಟೋವನ್ನು ಅಮ್ಮ ರಾಮಕ್ಕ ತಾನೇ ತೆಗೆದು, ಗಾಜು ಒರೆಸಿ, ಗೋಡೆಗೆ ಒರಗಿಸಿ, ಚೆಂಡುಹೂವಿನ ಹಾರ ಹಾಕಿದ್ದಳು. ಮುಂದೆ ಬಾಳೆಎಲೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಇವತ್ತು ಮಹಾಲಯ ಅಮಾವಾಸ್ಯೆ. ಮೂವತ್ತೆಂಟು ವರ್ಷ ಖಾಲಿ ಗೋಡೆಗೆ ಎಡೆ ಇಕ್ಕಿದ್ದವಳು, ಈ ಸಲ ಗಂಡನ ಫೋಟೋ ಬರುತ್ತದೆಂದು ಊರಿಗೆಲ್ಲ ಸಾರಿದ್ದಳು.

"ಅಮ್ಮ, ಅದು..."

"ಕೋಟು ಹಾಕವ್ರೆ. ಹಾಕ್ಲಿ ಬಿಡು. ಎಲ್ರಿಗೂ ಹಾಕ್ತಾರೆ."

ಅದೂ ನಿಜವೇ. ಹೊಸೂರಿನ ಸ್ಟುಡಿಯೋಗಳಲ್ಲಿ ಸತ್ತವರಿಗೆಲ್ಲ ಕೋಟು. ಜೀವಮಾನವಿಡೀ ಚಡ್ಡಿ ಬನಿಯನ್ನಿನಲ್ಲಿ ಕಳೆದವನೂ ಕಂಪ್ಯೂಟರಿನ ಕೈಗೆ ಸಿಕ್ಕರೆ ಟೈ ಕಟ್ಟಿಕೊಂಡು ಗೋಡೆ ಹತ್ತುತ್ತಾನೆ. ಬ್ರೆಶ್ಕೆಯದು ಮಾತ್ರ ಸ್ವಂತ ಕೋಟು.

ಅವನು ಜರ್ಮನಿಯ ಮೂಕಿ ಚಿತ್ರಗಳ ನಟ. ನಾಳೆ ಕಾಲೇಜಿನ ವಿಚಾರಸಂಕಿರಣದಲ್ಲಿ ಇಡಲೆಂದು ಕಟ್ಟು ಹಾಕಿಸಿದ ಫೋಟೋ ಅದು. ಒಂಬತ್ತು ವರ್ಷದಿಂದ ಉಮಾಶಂಕರ್ ಅವನ ಮೇಲೆ ಪ್ರಬಂಧ ಬರೆಯುತ್ತಿದ್ದ. ದರ್ಜಿಯ ಮಗ, ನಲವತ್ತೊಂದು ಚಿತ್ರ, ಅದರಲ್ಲಿ ಇಪ್ಪತ್ತಾರರಲ್ಲಿ ಸಾಯುವ ಪಾತ್ರ. ಟಾಕಿ ಬಂತು, ದನಿ ಕೀರಲು ಅಂತ ಮನೆಗೆ ಕಳಿಸಿದರು. ಕೊನೆಗೆ ತನ್ನದೇ ಚಿತ್ರಗಳು ಓಡಿದ್ದ ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ. ಎಡ ಹುಬ್ಬಿನ ಮೇಲೆ ಸಣ್ಣ ಮಚ್ಚೆ. ಇಷ್ಟೆಲ್ಲ ಉಮಾಶಂಕರನಿಗೆ ಬಾಯಿಪಾಠ.

ಅಪ್ಪನ ಸಂಗತಿ ಬೇರೆ. ಅಪ್ಪ ರಾಮಕೃಷ್ಣಪ್ಪ ಹೋದಾಗ ಇವನಿಗೆ ನಾಲ್ಕು ವರ್ಷ. ದನದ ಫಾರಂನಲ್ಲಿ ಕೂಲಿಯವರನ್ನೆಲ್ಲ ನಿಲ್ಲಿಸಿ ತೆಗೆದ ಒಂದು ಗುಂಪು ಫೋಟೋ ಉಳಿದಿತ್ತು, ಹನ್ನೆರಡು ಜನ, ಒಂದೇ ಸಾಲು. ದೊಡ್ಡದು ಮಾಡಿಸುತ್ತೇನೆಂದು ಆಷಾಢದಲ್ಲೇ ಒಯ್ದಿದ್ದ. ಸ್ಟುಡಿಯೋದವನು "ಇದುಲ ಅಪ್ಪಾ ಯಾರು ಸಾರ್?" ಎಂದು ತಮಿಳಿನಲ್ಲಿ ಕೇಳಿದ. ಉಮಾಶಂಕರ್ ಸಾಲನ್ನು ಎರಡು ಸಲ ನೋಡಿದ. ಆಮೇಲೆ ಬರುತ್ತೇನೆಂದು ಹೊರಬಿದ್ದ. ಅಮ್ಮನನ್ನು ಕೇಳಲು ನಾಚಿಕೆಯಾಯಿತು. ಹೆತ್ತ ತಂದೆಯ ಗುರುತು ಸಿಗದ ಮಗ, ಅದರ ಮೇಲೆ ಪ್ರೊಫೆಸರ್ ಬೇರೆ.

ಊಟಕ್ಕೆ ಕದಿರಪ್ಪ ಬಂದ. ಫಾರಂನಲ್ಲಿ ಅಪ್ಪನ ಜೊತೆ ಹತ್ತು ವರ್ಷ ಸಗಣಿ ಬಾಚಿದವನು. ಇವತ್ತು ಮಾನ ಹೋಯಿತು ಅಂದುಕೊಂಡ ಉಮಾಶಂಕರ್. ಮುದುಕ ಫೋಟೋದ ಮುಂದೆ ಕುಕ್ಕರಗಾಲಲ್ಲಿ ಕೂತ. ಬಗ್ಗಿ ನೋಡಿದ.

"ಅವ್ನೇ ಕಣ್ಲಾ. ಮೂಗು ನೋಡು, ಅದೇ ಮೂಗು. ವಸಿ ಬೆಳ್ಳಗೆ ಮಾಡ್ಬುಟ್ಟವ್ರೆ."

ಕಣ್ಣೊರೆಸಿಕೊಂಡ. ಮೂರು ವಡೆ ತಿಂದ. ಎಲೆ ಅಡಿಕೆ ಹಾಕಿಕೊಂಡು ತಳಿ ಊರಿನ ಕಡೆಯ ಜೀಪು ಹತ್ತಿ ಹೋದ.

ಬದುಕಿದೆ ಅನ್ನಿಸಿತು ಉಮಾಶಂಕರನಿಗೆ. ಎದೆಯ ಮೇಲಿದ್ದ ಕಲ್ಲು ಇಳಿದು, ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡ.

ರಾಮಕ್ಕ ಫೋಟೋದ ಮುಂದಿನ ಎಲೆ ಎತ್ತುತ್ತಾ ಕೇಳಿದಳು. "ಯಾರ್ಲಾ ಇವ್ರು?"

ಅವನು ಫೋಟೋದ ಕಡೆ ತಿರುಗಿದ.

"ನಿಮ್ಮಪ್ಪ ಅಲ್ಲ ಅಂತ ಕುಂಕುಮ ಇಕ್ಕುವಾಗ್ಲೇ ಗೊತ್ತಾಯ್ತು. ನಿಮ್ಮಪ್ಪ ಯಾವತ್ತೂ ಹಿಂಗೆ ನನ್ನ ಮುಖ ನೋಡ್ದೋರಲ್ಲ."

"ಜರ್ಮನಿಯೋರು. ಸಿನಿಮಾದಲ್ಲಿದ್ರು."

"ಈಗ?"

"ಸತ್ತು ಎಂಬತ್ತು ವರ್ಷದ ಮೇಲಾಯ್ತು."

"ಮಕ್ಳು?"

"ಇಲ್ಲ. ಆಸ್ಪತ್ರೇಲಿ ಸತ್ತಾಗ ಹೆಣಕ್ಕೂ ಯಾರೂ ಬರ್ಲಿಲ್ಲ."

ಅವಳು ಎಲೆ ಕೆಳಗಿಟ್ಟಳು. ಒಳಗೆ ಹೋಗಿ ಇನ್ನೊಂದು ಸೌಟು ಪಾಯಸ ತಂದು ಬಡಿಸಿದಳು.

"ಉಣ್ಲಿ ಬಿಡು."

ಬೈಗುಳಕ್ಕೆ ಕಾದಿದ್ದವನಿಗೆ ಅಳು ಬರುವಂತಾಯಿತು. ಇನ್ನು ಯಾವ ನಾಚಿಕೆ? ಚೀಲದ ಅಡಿಯಿಂದ ಲಕೋಟೆ ತೆಗೆದು ಗುಂಪು ಫೋಟೋ ಅವಳ ಕೈಗಿಟ್ಟ.

"ಅಮ್ಮ, ಇದ್ರಲ್ಲಿ ಅಪ್ಪ ಯಾರು? ನಂಗೆ ಗೊತ್ತಾಗ್ಲಿಲ್ಲ."

"ಅಯ್ಯೋ, ಅಷ್ಟೇನಾ? ಮೊದ್ಲೇ ಕೇಳ್ಬಾರ್ದಾ?"

ರಾಮಕ್ಕ ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋದಳು. ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು. ತೋರುಬೆರಳನ್ನು ಎಡಗಡೆಯ ಮೊದಲನೆಯವನ ಮೇಲಿಟ್ಟಳು. ಬೆರಳು ಎರಡನೆಯವನಿಗೆ ಹೋಯಿತು, ಮೂರನೆಯವನಿಗೆ. ಆರನೆಯವನ ಹತ್ತಿರ ನಿಂತಿತು. ಉಮಾಶಂಕರ್ ಬಗ್ಗಿದ. ಬೆರಳು ಅಲ್ಲಿಂದಲೂ ಮುಂದೆ ಸರಿಯಿತು.

ಅವನು ಅಮ್ಮನ ಮುಖ ನೋಡಲಿಲ್ಲ. ತಾನೊಬ್ಬನೇ ಅಲ್ಲ ಎಂಬ ಹಗುರ ಮೈಯೆಲ್ಲ ಹರಡುತ್ತಿತ್ತು, ಅದಕ್ಕೆ ಹೇಸಿಗೆಯೂ ಆಗುತ್ತಿತ್ತು.

ಹೊರಗೆ ತಳಿಗೆ ಹೋಗುವ ಬಸ್ಸು ಹಾರನ್ ಹೊಡೆಯಿತು. ಬೆರಳು ಹನ್ನೆರಡನೆಯವನನ್ನೂ ದಾಟಿ, ಯಾರೂ ನಿಂತಿರದ ಕೊಟ್ಟಿಗೆಯ ಗೋಡೆ ಮುಟ್ಟಿ, ಮತ್ತೆ ಎಡಗಡೆಯಿಂದ ಹೊರಟಿತು.